ದ್ರಾವ್ಯ, ದ್ರಾವಕ

ಸಂಸ್ಕೃತದ ‘ದ್ರು’ ಧಾತುವಿಗೆ ಓಡು, ಹರಿ, ಕರಗು ಎಂಬ ಅರ್ಥಗಳಿವೆ. ದ್ರವ ಹುಟ್ಟಿದ್ದು ಅದರಿಂದಲೇ. ಮೇಲೆರಗಿ ಬರುವ ಉಪದ್ರವವೂ ಅದೇ ಮನೆತನದ್ದು! ಕರಗಿಸುವುದು ದ್ರಾವಕ, ಕರಗುವುದು ದ್ರಾವ್ಯ, ಎರಡೂ ಬೆರೆತದ್ದು ದ್ರಾವಣ. ಮೊದಲೆರಡನ್ನು ಮಕ್ಕಳು ಅದಲುಬದಲು ಮಾಡುವುದುಂಟು. ಪೂಜಿಸುವವನು ಪೂಜಕ, ಪೂಜೆಗೊಳ್ಳುವವನು ಪೂಜ್ಯ. ಆ ಜೋಡಿ ನೆನಪಿದ್ದರೆ ಈ ಜೋಡಿ ತಪ್ಪುವುದಿಲ್ಲ.

ಸಮುದ್ರದಲ್ಲಿ ನೀರೇ ದ್ರಾವಕ. ಕಿಲೋ ನೀರಿಗೆ ಸರಾಸರಿ 35 ಗ್ರಾಂ ಲವಣಗಳು, ಅದರಲ್ಲಿ ಹೆಚ್ಚಿನ ಪಾಲು ಅಡುಗೆಯ ಉಪ್ಪು. ಗೋಕರ್ಣದ ಬಳಿಯ ಸಾಣಿಕಟ್ಟಾದ ಉಪ್ಪಿನ ಆಗರಗಳಲ್ಲಿ ಬಿಸಿಲು ದ್ರಾವಕವನ್ನು ಆವಿ ಮಾಡಿಬಿಡುತ್ತದೆ, ಉಪ್ಪು ಹರಳುಗಟ್ಟುತ್ತದೆ. ಕೊನೆಗೆ ಉಳಿಯುವ ನೀರು ಮಾತ್ರ ಕಹಿ: ಸುಲಭಕ್ಕೆ ಹರಳಾಗದ ಮೆಗ್ನೀಸಿಯಂ ಲವಣಗಳು ಅದರಲ್ಲೇ ಕರಗಿಕೊಂಡಿರುತ್ತವೆ.