ಕಲ್ಯಾಣದ ಬಿಸಿಲು, ತಾಮ್ರದ ನಾಲ್ಕು ಸಂದುಗಳು

ಮೇ ತಿಂಗಳ ನಡು ಮಧ್ಯಾಹ್ನದಲ್ಲಿ ಬಸವಕಲ್ಯಾಣದ ಅಕ್ಕನಾಗಮ್ಮನ ಗವಿಯೊಳಗೆ ಕಾಲಿಟ್ಟವರಿಗೆ ಭೌತವಿಜ್ಞಾನದ ಒಂದು ಪಾಠ ಪುಸ್ತಕವಿಲ್ಲದೆಯೇ ಸಿಗುತ್ತದೆ. ಹೊರಗೆ 40 ಡಿಗ್ರಿ ಸೆಲ್ಸಿಯಸ್ ಮುಟ್ಟಿದ ಝಳ, ಒಳಗೆ ಮೈಗೆ ಹಿತವಾದ ತಂಪು. ಹಗಲು ರಾತ್ರಿಗಳ ಉಷ್ಣತೆಯ ಏರಿಳಿತವು ಕಲ್ಲಿನಲ್ಲಿ ಸುಮಾರು ಅರ್ಧ ಮೀಟರ್ ಇಳಿಯುವಷ್ಟರಲ್ಲಿ ಬಹುಮಟ್ಟಿಗೆ ಅಡಗಿಬಿಡುತ್ತದೆ. ಬೇಸಗೆ ಚಳಿಗಾಲಗಳ ದೊಡ್ಡ ಏರಿಳಿತ ಅಡಗಲು ಮಾತ್ರ ಹತ್ತು ಮೀಟರ್ ಬೇಕು. ಆದ್ದರಿಂದ ಆಳವಾದ ಗವಿಯ ಒಳಗೆ ಸದಾ ಇರುವುದು ಆ ಊರಿನ ವರ್ಷದ ಸರಾಸರಿಗೆ ಹತ್ತಿರದ ಉಷ್ಣತೆ.

ಬೀದರ್ ಜಿಲ್ಲೆಯ ಹಳೆಯ ಮಾಳಿಗೆ ಮನೆಗಳು ಈ ಗವಿಯ ತಮ್ಮಂದಿರು ಎನ್ನಬಹುದು. ಎರಡಡಿ ದಪ್ಪದ ಕಲ್ಲುಮಣ್ಣಿನ ಗೋಡೆ, ಮರದ ತೊಲೆಗಳ ಮೇಲೆ ಒಂದಡಿ ಮಣ್ಣಿನ ಹೊದಿಕೆ, ಚಿಕ್ಕ ಬೆಳಕಿಂಡಿ. ಒಂದಡಿ ಮಣ್ಣನ್ನು ದಾಟಿ ಒಳಗೆ ಬರಲು ಮಧ್ಯಾಹ್ನದ ಬಿಸಿಲಿಗೆ ಒಂಬತ್ತು ಹತ್ತು ಗಂಟೆ ಹಿಡಿಯುತ್ತದೆ. ಅಷ್ಟರಲ್ಲಿ ನಡುರಾತ್ರಿಯಾಗಿರುತ್ತದೆ, ಮನೆಯವರು ಮಾಳಿಗೆಯ ಮೇಲೆ ಮಲಗಿರುತ್ತಾರೆ. ಇಂದು ಅದೇ ಬಸವಕಲ್ಯಾಣದಲ್ಲಿ, ಹುಮನಾಬಾದಿನಲ್ಲಿ, ಮಣ್ಣಿನ ಮಾಳಿಗೆಯ ಜಾಗದಲ್ಲಿ ನಾಲ್ಕೈದು ಅಂಗುಲದ ಕಾಂಕ್ರೀಟ್ ಚಾವಣಿ ಬಂದಿದೆ. ಅದು ಬಿಸಿಲನ್ನು ಸುಮಾರು ಮೂರು ಗಂಟೆಯಲ್ಲಿ ಒಳಗೆ ದಾಟಿಸಿ, ಸಂಜೆಯಿಡೀ ಕಾದ ಕಾವಲಿಯಂತೆ ತಲೆಯ ಮೇಲೆ ಉಷ್ಣವನ್ನು ಸೂಸುತ್ತದೆ. ನಮ್ಮ ಊರುಗಳಿಗೆ ಹವಾನಿಯಂತ್ರಕ ಬಂದದ್ದು ಬಿಸಿಲು ಹೆಚ್ಚಾದುದರಿಂದ ಮಾತ್ರವಲ್ಲ, ಚಾವಣಿ ತೆಳುವಾದುದರಿಂದ ಕೂಡ ಎಂಬುದು ಈ ಲೇಖಕನ ಅಭಿಪ್ರಾಯ.

ತಂಪನ್ನು ಬಯಸುವುದು ಕಲ್ಯಾಣಕ್ಕೆ ಹೊಸದಲ್ಲ. ಚಾಲುಕ್ಯರ ರಾಜಧಾನಿಯಾಗಿದ್ದ ಈ ಊರಿನಿಂದ ಆಳಿದ ಮೂರನೆಯ ಸೋಮೇಶ್ವರನು 1129ರ ಸುಮಾರಿಗೆ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ರಾಜನ ಇಪ್ಪತ್ತು ಉಪಭೋಗಗಳ ವಿವರಣೆ ಇದೆ. ಮನೆ, ಸ್ನಾನ, ಲೇಪನ, ಚಾಮರ, ಕುಡಿಯುವ ನೀರು, ಕೊಡೆ ಎಲ್ಲವೂ ಆ ಪಟ್ಟಿಯಲ್ಲಿ ಬರುತ್ತವೆ. ಮೈಗೆ ಹಚ್ಚಿದ ಗಂಧವಾಗಲಿ, ಬೀಸಿದ ಚಾಮರವಾಗಲಿ, ತಂಪು ನೀಡುವುದು ಒಂದೇ ನಿಯಮದಿಂದ. ನೀರು ಆವಿಯಾಗುವಾಗ ಗುಪ್ತೋಷ್ಣವನ್ನು ಹೀರುತ್ತದೆ.

ಈ ನಿಯಮವನ್ನೇ ಕೋಣೆಯ ಅಳತೆಗೆ ಹಿಗ್ಗಿಸಿದ್ದು ಬಾಗಿಲಿಗೆ ಕಟ್ಟಿ ನೀರು ಚಿಮುಕಿಸುತ್ತಿದ್ದ ಲಾವಂಚದ ತಟ್ಟಿ. ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಭಾರತದಲ್ಲಿದ್ದ ಆಂಗ್ಲರು ಒದ್ದೆ ತಟ್ಟಿಗಳ ಪೆಟ್ಟಿಗೆಯೊಳಗೆ ಕೈಯಿಂದ ತಿರುಗಿಸುವ ಬೀಸಣಿಗೆ ಇಟ್ಟು ಅದಕ್ಕೆ ಥರ್ಮಾಂಟಿಡೋಟ್ ಎಂಬ ಭಾರಿ ಹೆಸರು ಕೊಟ್ಟರು. ಅದಕ್ಕೆ ವಿದ್ಯುತ್ ಮೋಟಾರು ಸೇರಿದರೆ ನಮ್ಮ ಮನೆಗಳ ಕೂಲರ್.

ಹುಮನಾಬಾದಿನ ಬೇಸಗೆಗೆ ಕೂಲರ್ ಒಪ್ಪುತ್ತದೆ. ಶಿಕ್ಷಕರು ಇದನ್ನು ತರಗತಿಯಲ್ಲೇ ತೋರಿಸಬಹುದು. ಎರಡು ಉಷ್ಣತಾಮಾಪಕ ತೆಗೆದುಕೊಂಡು ಒಂದರ ಬುರುಡೆಗೆ ಒದ್ದೆ ಬಟ್ಟೆ ಸುತ್ತಿ ಗಾಳಿ ಬೀಸಿರಿ. ಗಾಳಿಯ ಉಷ್ಣತೆ 40 ಡಿಗ್ರಿ, ಸಾಪೇಕ್ಷ ಆರ್ದ್ರತೆ ಶೇಕಡ 20 ಇದ್ದರೆ ಒದ್ದೆ ಬುರುಡೆ ಸುಮಾರು 22–23 ಡಿಗ್ರಿಗೆ ಇಳಿಯುತ್ತದೆ. ಕೂಲರ್ ಎಷ್ಟೇ ಒಳ್ಳೆಯದಾದರೂ ಆ ಗಡಿಗಿಂತ ಕೆಳಗೆ ಹೋಗಲಾರದು. ಅದೇ ಪ್ರಯೋಗವನ್ನು ಜುಲೈಯಲ್ಲಿ, 32 ಡಿಗ್ರಿ ಉಷ್ಣತೆ ಮತ್ತು ಶೇಕಡ 80 ಆರ್ದ್ರತೆ ಇದ್ದಾಗ ಮಾಡಿದರೆ ಒದ್ದೆ ಬುರುಡೆ 29ರ ಆಸುಪಾಸಿನಲ್ಲೇ ನಿಂತುಬಿಡುತ್ತದೆ. ಮಳೆಗಾಲದಲ್ಲಿ ಕೂಲರ್ ಏಕೆ ಸೋಲುತ್ತದೆ ಎಂಬುದಕ್ಕೆ ಬೇರೆ ವಿವರಣೆ ಬೇಕಿಲ್ಲ. ಇನ್ನೊಂದು ಅಡಚಣೆ ನೀರಿನದು. ಒಂದೂವರೆ ಟನ್ನಿನ ಹವಾನಿಯಂತ್ರಕ ಹೊರಹಾಕುವಷ್ಟು ಉಷ್ಣವನ್ನು ನೀರಿನ ಆವಿಯಿಂದಲೇ ತೆಗೆಯಬೇಕಾದರೆ ಗಂಟೆಗೆ ಸುಮಾರು ಎಂಟು ಲೀಟರ್ ನೀರು ಬೇಕು, ಎಂಟು ಗಂಟೆಯ ರಾತ್ರಿಗೆ ನಾಲ್ಕು ಕೊಡ. ಏಪ್ರಿಲ್ ತಿಂಗಳಲ್ಲಿ ಕೊಳವೆಬಾವಿ ಬತ್ತುವ ಸೀಮೆಯಲ್ಲಿ ಇದು ಸಣ್ಣ ಲೆಕ್ಕವಲ್ಲ.

ಈ ‘ಟನ್’ ಎಂಬ ಮಾತಿನಲ್ಲೂ ಚರಿತ್ರೆ ಅಡಗಿದೆ. 1833ರಲ್ಲಿ ಅಮೆರಿಕದ ಬಾಸ್ಟನ್ ಬಂದರಿನಿಂದ ಫ್ರೆಡರಿಕ್ ಟ್ಯೂಡರ್ ಎಂಬ ವ್ಯಾಪಾರಿಯು ಕೆರೆಯ ಮಂಜುಗಡ್ಡೆಯನ್ನು ಹಡಗಿನಲ್ಲಿ ತುಂಬಿಸಿ ಕಲ್ಕತ್ತೆಗೆ ಕಳುಹಿಸಿದ. ಹೊರಟ 180 ಟನ್ನಿನಲ್ಲಿ ಸುಮಾರು 100 ಟನ್ ಕರಗದೆ ತಲುಪಿತು. ಚೆನ್ನೈನ ಕಡಲ ತೀರದಲ್ಲಿ ಇಂದು ವಿವೇಕಾನಂದರ ಹೆಸರಿನಲ್ಲಿರುವ ಕಟ್ಟಡ ಆ ಮಂಜುಗಡ್ಡೆಯ ಉಗ್ರಾಣವೇ ಆಗಿತ್ತು. ಮುಂದೆ ಯಂತ್ರಗಳು ಬಂದಾಗ ಅವುಗಳ ಸಾಮರ್ಥ್ಯವನ್ನು ಜನರಿಗೆ ಪರಿಚಿತವಾಗಿದ್ದ ಮಂಜುಗಡ್ಡೆಯಲ್ಲೇ ಅಳೆದರು. ಒಂದು ಅಮೆರಿಕನ್ ಟನ್, ಅಂದರೆ 907 ಕಿಲೊಗ್ರಾಂ ಮಂಜುಗಡ್ಡೆ 24 ಗಂಟೆಯಲ್ಲಿ ಕರಗುವಾಗ ಹೀರುವ ಉಷ್ಣದ ದರವೇ ಒಂದು ಟನ್. ಕಿಲೊಗ್ರಾಮಿಗೆ 334 ಕಿಲೊಜೂಲ್ ಎಂದು ಲೆಕ್ಕ ಹಾಕಿದರೆ ಅದು ಸುಮಾರು 3.5 ಕಿಲೊವ್ಯಾಟ್. ಅಂಗಡಿಯಲ್ಲಿ ‘ಒಂದೂವರೆ ಟನ್ ಕೊಡಿ’ ಎನ್ನುವಾಗ ನಾವು ಟ್ಯೂಡರನ ಹಡಗಿನ ಭಾಷೆಯನ್ನೇ ಆಡುತ್ತಿರುತ್ತೇವೆ.

ಯಂತ್ರದ ಕಥೆಯನ್ನು ಬೇಗ ಹೇಳಿ ಮುಗಿಸಬಹುದು. ಆವಿಯನ್ನು ಒತ್ತಿ, ತಣಿಸಿ, ದ್ರವವಾಗಿಸಿ, ಮತ್ತೆ ಆವಿಯಾಗಲು ಬಿಡುವ ಚಕ್ರಕ್ಕೆ ಜೇಕಬ್ ಪರ್ಕಿನ್ಸ್ 1834ರಲ್ಲಿ ಪೇಟೆಂಟ್ ಪಡೆದ. ಫ್ಲಾರಿಡಾದ ವೈದ್ಯ ಜಾನ್ ಗೋರಿ ಜ್ವರದ ರೋಗಿಗಳ ಕೋಣೆ ತಂಪಾಗಿಸಲು ಹೊರಟು, ಗಾಳಿಯನ್ನೇ ಒತ್ತಿ ಹಿಗ್ಗಿಸುವ ಮಂಜುಗಡ್ಡೆ ಯಂತ್ರಕ್ಕೆ 1851ರಲ್ಲಿ ಪೇಟೆಂಟ್ ಗಳಿಸಿದ. 1902ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನ ಒಂದು ಮುದ್ರಣಾಲಯದಲ್ಲಿ ತೇವದಿಂದ ಕಾಗದ ಹಿಗ್ಗಿ ಬಣ್ಣಗಳ ಜೋಡಣೆ ತಪ್ಪುತ್ತಿದ್ದುದನ್ನು ಸರಿಪಡಿಸಲು ವಿಲಿಸ್ ಕ್ಯಾರಿಯರ್ ರೂಪಿಸಿದ ವ್ಯವಸ್ಥೆಯೇ ಆಧುನಿಕ ಹವಾನಿಯಂತ್ರಣದ ಆರಂಭ. ಆಗ ತಂಪು ಬೇಕಾಗಿದ್ದುದು ಮನುಷ್ಯರಿಗಲ್ಲ, ಕಾಗದಕ್ಕೆ!

ಇಂಥ ದೊಡ್ಡ ಯಂತ್ರಗಳು ತಂಪುಗಾಳಿಯನ್ನು ತಗಡಿನ ಅಗಲವಾದ ನಾಳಗಳಲ್ಲಿ ಹಂಚುತ್ತಿದ್ದವು. ಹತ್ತು ಡಿಗ್ರಿ ತಂಪಾದ ಒಂದು ಕಿಲೊಗ್ರಾಂ ಗಾಳಿ ಸಾಗಿಸುವುದು ಕೇವಲ 10 ಕಿಲೊಜೂಲ್. ಒಂದು ಕಿಲೊಗ್ರಾಂ ಆರ್-22 ಶೀತಕವು ಆವಿಯಾಗುವಾಗ ಅದರ ಗುಪ್ತೋಷ್ಣ ಸುಮಾರು 200 ಕಿಲೊಜೂಲ್. ಹಾಗಾದರೆ ಗಾಳಿಯನ್ನು ಸಾಗಿಸುವ ಬದಲು ಶೀತಕವನ್ನೇ ಕೋಣೆಯವರೆಗೆ ಸಾಗಿಸಿದರೆ? ಅಗಲವಾದ ನಾಳದ ಕೆಲಸವನ್ನು ಬೆರಳು ಗಾತ್ರದ ತಾಮ್ರದ ಕೊಳವೆ ಮಾಡುತ್ತದೆ. ಈ ಯೋಚನೆಯೇ ನಾಳವಿಲ್ಲದ ‘ಸ್ಪ್ಲಿಟ್’ ಯಂತ್ರದ ತಿರುಳು. 1961ರಲ್ಲಿ ಜಪಾನಿನ ತೋಶಿಬಾ ಸಂಸ್ಥೆ ಹೊರತಂದ ಮನೆಬಳಕೆಯ ಯಂತ್ರ ಈ ಬಗೆಯ ಮೊದಲಿಗ ಯಂತ್ರಗಳಲ್ಲೊಂದು. ಗದ್ದಲದ ಸಂಪೀಡಕ ಹೊರಗೆ, ಸದ್ದಿಲ್ಲದ ಸುರುಳಿ ಒಳಗೆ, ಗೋಡೆಯಲ್ಲಿ ಮೂರಂಗುಲಕ್ಕಿಂತ ಕಿರಿದಾದ ಒಂದು ರಂಧ್ರ.

ಆದರೆ ಯಂತ್ರವನ್ನು ಎರಡು ಹೋಳು ಮಾಡಿದಾಗ ಒಂದು ಹೊಸ ತೊಂದರೆಯೂ ಹುಟ್ಟಿತು. ಕಿಟಕಿಯ ಹವಾನಿಯಂತ್ರಕದ ಎಲ್ಲ ಸಂದುಗಳೂ ಕಾರ್ಖಾನೆಯಲ್ಲೇ ಬೆಸೆದು ಬರುತ್ತವೆ. ಸ್ಪ್ಲಿಟ್ ಯಂತ್ರದಲ್ಲಿ ದ್ರವಕ್ಕೊಂದು ಸಣ್ಣ ಕೊಳವೆ, ಆವಿಗೊಂದು ದಪ್ಪ ಕೊಳವೆ, ಪ್ರತಿಯೊಂದಕ್ಕೂ ಎರಡು ತುದಿ. ಈ ನಾಲ್ಕು ಸಂದುಗಳನ್ನು ಕೂಡಿಸುವವರು ಕಾರ್ಖಾನೆಯವರಲ್ಲ, ನಮ್ಮ ಗೋಡೆಗೆ ಏಣಿ ಹಚ್ಚಿ ನಿಂತವರು. ಯಂತ್ರದ ತಯಾರಿಕೆಯ ಕೊನೆಯ ಹಂತ ನಡೆಯುವುದು ನಮ್ಮ ಮನೆಯಲ್ಲೇ.

ಸೋರಿಕೆ ಎಂಬ ಸಣ್ಣ ಮಾತು ಎಷ್ಟು ದೊಡ್ಡದು ಎಂಬುದಕ್ಕೆ ಹುಮನಾಬಾದಿನ ಹೆದ್ದಾರಿಯಲ್ಲೇ ಪೂರ್ವಕ್ಕೆ ಹೋಗಬೇಕು. ಹೈದರಾಬಾದಿನ ಜೋಡಿ ನಗರವಾದ ಸಿಕಂದರಾಬಾದಿನ ಒಂದು ಶೈತ್ಯಯಂತ್ರ ಕಾರ್ಖಾನೆಯಲ್ಲಿ 1960ರ ದಶಕದ ನಡುವೆ ಒಬ್ಬ ತರುಣ ಎಂಜಿನಿಯರ್ ಕೆಲಸ ಮಾಡುತ್ತಿದ್ದರು. ಶೀತಕ ಅನಿಲ ಯಂತ್ರಗಳಿಂದ ಏಕೆ ತಪ್ಪಿಸಿಕೊಳ್ಳುತ್ತದೆ ಎಂದು ಕಂಡುಹಿಡಿಯುವುದು ಅವರ ಕೆಲಸ. ಅವರೇ ವೀರಭದ್ರನ್ ರಾಮನಾಥನ್. ಬಾಲ್ಯದಲ್ಲಿ ಬೆಂಗಳೂರಿನಲ್ಲಿ ಓದಿದ್ದ ಅವರು ಕಾರ್ಖಾನೆ ಬಿಟ್ಟು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಸೇರಿದರು, ಅಲ್ಲಿಂದ ಅಮೆರಿಕಕ್ಕೆ ಹೋದರು. 1928ರಲ್ಲಿ ಥಾಮಸ್ ಮಿಡ್ಗ್ಲಿ ತಂಡ ರೂಪಿಸಿದ ಕ್ಲೋರೊಫ್ಲೋರೊಕಾರ್ಬನ್‌ಗಳು ವಿಷವಲ್ಲ, ಉರಿಯುವುದಿಲ್ಲ ಎಂದು ಎಲ್ಲರೂ ಕೊಂಡಾಡುತ್ತಿದ್ದ ಕಾಲವದು. ಅವು ಓಜೋನ್ ಪದರವನ್ನು ಕೊರೆಯುತ್ತವೆ ಎಂದು 1974ರಲ್ಲಿ ಮೊಲಿನಾ ಮತ್ತು ರೋಲೆಂಡ್ ತೋರಿಸಿದರು. ಮರುವರ್ಷ ರಾಮನಾಥನ್ ಇನ್ನೊಂದು ಸತ್ಯ ಹೊರಗೆಡವಿದರು. ಈ ಅನಿಲದ ಒಂದು ಅಣುವು ಇಂಗಾಲದ ಡೈಆಕ್ಸೈಡಿನ ಹತ್ತು ಸಾವಿರ ಅಣುಗಳಷ್ಟು ಭೂಮಿಯನ್ನು ಬಿಸಿ ಮಾಡಬಲ್ಲದು. ಸಿಕಂದರಾಬಾದಿನಲ್ಲಿ ಅವರು ಬೆನ್ನು ಹತ್ತಿದ್ದ ಸೋರಿಕೆ ಆಕಾಶದಲ್ಲಿ ಸಿಕ್ಕಿತ್ತು.

1987ರ ಮಾಂಟ್ರಿಯಲ್ ಒಪ್ಪಂದ ಓಜೋನ್ ಕೊರೆಯುವ ಅನಿಲಗಳಿಗೆ ಕಡಿವಾಣ ಹಾಕಿತು. 2016ರ ಕಿಗಾಲಿ ತಿದ್ದುಪಡಿ ಭೂಮಿಯನ್ನು ಬಿಸಿ ಮಾಡುವ ಅವುಗಳ ಬದಲಿಗಳಿಗೂ ಕೈಯಿಟ್ಟಿತು. ಭಾರತ ಅದನ್ನು 2021ರಲ್ಲಿ ಸ್ಥಿರೀಕರಿಸಿದೆ. ಶತಮಾನದ ಲೆಕ್ಕದಲ್ಲಿ ಒಂದು ಕಿಲೊಗ್ರಾಂ ಆರ್-22 ಸೋರಿದರೆ ಅದು ಸುಮಾರು 1,800 ಕಿಲೊಗ್ರಾಂ ಇಂಗಾಲದ ಡೈಆಕ್ಸೈಡಿಗೆ ಸಮ. ಆರ್-410ಎಗೆ ಇದು ಸುಮಾರು 2,100, ಈಗ ಹೊಸ ಯಂತ್ರಗಳಲ್ಲಿ ಸಾಮಾನ್ಯವಾಗಿರುವ ಆರ್-32ಕ್ಕೆ ಸುಮಾರು 675. ಆರ್-32 ಓಜೋನಿಗೆ ಹಾನಿ ಮಾಡದು. ಆದರೆ ಅದಕ್ಕೆ ಮೆಲ್ಲನೆ ಉರಿಯುವ ಗುಣವಿದೆ, ಅದರ ಒತ್ತಡವೂ ಆರ್-22ರ ಒಂದೂವರೆ ಪಟ್ಟಿಗಿಂತ ಹೆಚ್ಚು.

ಈ ಹಿನ್ನೆಲೆಯಲ್ಲಿ ‘ನಾವೇ ಕೂಡಿಸಿಕೊಳ್ಳಬಹುದೇ?’ ಎಂಬ ಪ್ರಶ್ನೆಯನ್ನು ನೋಡೋಣ. ವಿಡಿಯೊ ನೋಡಿ ಕಲಿತ ಐಟಿಐ ವಿದ್ಯಾರ್ಥಿಗಳು ಇದನ್ನು ಕೇಳುತ್ತಾರೆ, ಕೇಳುವುದು ತಪ್ಪಲ್ಲ. ಗೋಡೆಯ ಕೆಲಸ ಕೈ ಬಲ್ಲವರಿಗೆ ಸಾಧ್ಯ. ರಂಧ್ರ ಹೊರಗಡೆಗೆ ಸ್ವಲ್ಪ ಇಳಿಜಾರಾಗಿರಬೇಕು, ಇಲ್ಲದಿದ್ದರೆ ಸುರುಳಿಯ ಮೇಲೆ ಕೂಡಿದ ನೀರು ಮನೆಯೊಳಗೇ ತೊಟ್ಟಿಕ್ಕುತ್ತದೆ. ಕಲ್ಲುಮಣ್ಣಿನ ಹಳೆಯ ಗೋಡೆಗೆ ಭಾರದ ಹೊರಪೆಟ್ಟಿಗೆಯನ್ನು ನೇತುಹಾಕುವುದು ಸಲ್ಲದು, ಅದನ್ನು ನೆಲದ ಕಟ್ಟೆಯ ಮೇಲೆ ನೆರಳಿನಲ್ಲಿ, ಗಾಳಿಗೆ ಅಡ್ಡಿಯಿಲ್ಲದಂತೆ ಕೂರಿಸುವುದು ಲೇಸು.

ವಿದ್ಯುತ್ತಿನ ಕೆಲಸಕ್ಕೆ ಪರವಾನಗಿ ಇದ್ದವರೇ ಬೇಕು. ಪ್ರತ್ಯೇಕ ತಂತಿ, ಪ್ರತ್ಯೇಕ ಎಂಸಿಬಿಯ ಜೊತೆಗೆ ನಿಜವಾದ ಅರ್ಥಿಂಗ್ ಇರಬೇಕು. ಮುರ್ರಂ ಮತ್ತು ಕಲ್ಲಿನ ನೆಲ ಬೇಸಗೆಯಲ್ಲಿ ಒಣಗಿದಾಗ ಅರ್ಥಿಂಗಿನ ರೋಧ ಏರುತ್ತದೆ, ಹವಾನಿಯಂತ್ರಕ ಹಗಲಿರುಳು ಓಡುವುದೂ ಆಗಲೇ. ಅರ್ಥಿಂಗಿನ ಗುಂಡಿಗೆ ಎರಡು ದಿನಕ್ಕೊಮ್ಮೆ ಒಂದು ಕೊಡ ನೀರು ಹಾಕುವ ಹಳೆಯ ಅಭ್ಯಾಸ ಮೂಢನಂಬಿಕೆಯಲ್ಲ.

ಉಳಿದದ್ದು ಆ ನಾಲ್ಕು ಸಂದುಗಳು. ಕೊಳವೆಯನ್ನು ಗರಗಸದಿಂದಲ್ಲ, ಕಟ್ಟರಿನಿಂದ ಕತ್ತರಿಸಿ, ತುದಿಯನ್ನು ಕೆಳಮುಖ ಹಿಡಿದು ಅಂಚಿನ ಮುಳ್ಳು ಕೆರೆಯಬೇಕು. ತುದಿಯನ್ನು ಕಹಳೆಯ ಬಾಯಿಯಂತೆ ಅಗಲಿಸುವ ಮುನ್ನ ನಟ್ಟು ತೂರಿಸಿರಬೇಕು (ಇದನ್ನು ಒಮ್ಮೆಯೂ ಮರೆಯದ ಮೆಕ್ಯಾನಿಕ್ ಸಿಗುವುದು ಅಪರೂಪ). ಕಾಲು ಅಂಗುಲದ ಕೊಳವೆಯ ನಟ್ಟಿಗೆ ಸುಮಾರು 15 ನ್ಯೂಟನ್-ಮೀಟರ್, ಅರ್ಧ ಅಂಗುಲದ್ದಕ್ಕೆ 50ರಿಂದ 60 ನ್ಯೂಟನ್-ಮೀಟರ್ ತಿರುಚುಬಲ ಸಾಕು. ಕಡಿಮೆಯಾದರೆ ಸೋರುತ್ತದೆ, ಹೆಚ್ಚಾದರೆ ಮೆತ್ತನೆಯ ತಾಮ್ರ ಸೀಳಿ ಮತ್ತೆ ಸೋರುತ್ತದೆ. ‘ಗಟ್ಟಿಯಾಗಿ ಬಿಗಿ’ ಎಂಬುದು ಇಲ್ಲಿ ಕೆಟ್ಟ ಸಲಹೆ.

ಆ ಮೇಲೆ ನಿರ್ವಾತ. ಕೊಳವೆಯೊಳಗೆ ಉಳಿದ ಗಾಳಿ ಸಾಂದ್ರೀಕರಿಸದೆ ಒತ್ತಡವನ್ನು ಏರಿಸುತ್ತದೆ. ತೇವವು ಸಂಪೀಡಕದ ಎಣ್ಣೆಯೊಡನೆ ಸೇರಿ ಆಮ್ಲವಾಗುತ್ತದೆ. 30 ಡಿಗ್ರಿಯಲ್ಲಿ ನೀರಿನ ಆವಿಯ ಒತ್ತಡ ಸುಮಾರು 32 ಮಿಲಿಮೀಟರ್ ಪಾದರಸ. ಪಂಪಿನಿಂದ ಒಳಗಿನ ಒತ್ತಡವನ್ನು ಅರ್ಧ ಮಿಲಿಮೀಟರಿಗೆ ಇಳಿಸಿದರೆ ಕೊಳವೆಯ ತೇವ ತಣ್ಣಗಿದ್ದಲ್ಲೇ ಕುದಿದು ಹೊರಬರುತ್ತದೆ. ಪಂಪ್ ನಿಲ್ಲಿಸಿ ಮುಳ್ಳು ಅಲುಗುತ್ತದೆಯೇ ಎಂದು ನೋಡಿದರೆ ಸಂದುಗಳ ಪರೀಕ್ಷೆಯೂ ಆಯಿತು. ಪಂಪು ತಾರದೆ, ಹೊರಪೆಟ್ಟಿಗೆಯ ಅನಿಲವನ್ನೇ ಸ್ವಲ್ಪ ಬಿಟ್ಟು ಗಾಳಿಯನ್ನು ತಳ್ಳಿಹಾಕುವ ಒಳದಾರಿ ಆರ್-22ರ ಕಾಲದಿಂದ ಬಂದದ್ದು. ಅದರಿಂದ ತೇವ ಹೋಗುವುದಿಲ್ಲ, ಶೀತಕ ಹೋಗುತ್ತದೆ. ಆರ್-32ರಲ್ಲಿ ಕಿಡಿಯ ಭಯವೂ ಸೇರುತ್ತದೆ. ಪಂಪು, ಮಾಪಕ, ತಿರುಚುಬಲದ ಸ್ಪ್ಯಾನರ್ ಇಲ್ಲದವರು ಈ ಭಾಗಕ್ಕೆ ಕೈಹಾಕಬಾರದು. ಮನೆಯವರು ಮಾಡಬಹುದಾದದ್ದು, ಬಂದ ಮೆಕ್ಯಾನಿಕ್ ಪಂಪು ತಂದಿದ್ದಾರೆಯೇ ಎಂದು ಕೇಳಿ, ತರದಿದ್ದರೆ ಇನ್ನೊಂದು ದಿನ ಬನ್ನಿ ಎನ್ನುವುದು.

ಯಂತ್ರ ಬಿಚ್ಚುವಾಗಲೂ ಇದೇ ಎಚ್ಚರ ಬೇಕು. ದ್ರವದ ಕವಾಟ ಮುಚ್ಚಿ ಯಂತ್ರ ಓಡಿಸಿ, ಅನಿಲವೆಲ್ಲ ಹೊರಪೆಟ್ಟಿಗೆಗೆ ಸೇರಿದೊಡನೆ ಆವಿಯ ಕವಾಟ ಮುಚ್ಚಿ, ಕೂಡಲೇ ವಿದ್ಯುತ್ ನಿಲ್ಲಿಸಿ, ಆಮೇಲಷ್ಟೇ ನಟ್ಟು ಸಡಿಲಿಸಬೇಕು. ಸಂಪೀಡಕ ಓಡುತ್ತಿರುವಾಗಲೇ ಕೊಳವೆ ಬಿಚ್ಚಿದರೆ ಗಾಳಿ ಒಳಸೇರಿ ಎಣ್ಣೆಯೊಡನೆ ಒತ್ತಿಕೊಂಡು, ಡೀಸೆಲ್ ಎಂಜಿನ್ನಿನಲ್ಲಿ ಆಗುವಂತೆ ಹೊತ್ತಿಕೊಳ್ಳುತ್ತದೆ. ಜಪಾನಿನಲ್ಲಿ ಇಂಥ ಸ್ಫೋಟಗಳು ವರದಿಯಾಗಿವೆ. ಇನ್ನು ಗುಜರಿಗೆ ಹೋಗುವ ಹಳೆಯ ಆರ್-22 ಯಂತ್ರಗಳ ಕೊಳವೆಯನ್ನು ಗರಗಸದಿಂದ ಕೊಯ್ಯುತ್ತಾರೆ. ಎರಡು ಕಿಲೊ ತಾಮ್ರದ ಬೆಲೆ ಕೈಸೇರುವ ಮೊದಲೇ ಒಳಗಿದ್ದ ಒಂದು ಕಿಲೊ ಅನಿಲ ಒಂದೇ ಉಸಿರಿಗೆ ಹೊರಟುಹೋಗಿರುತ್ತದೆ.