ವಿಪೆಹೋಲ್ಮ್ ಪ್ರಯೋಗ ಮತ್ತು ಮಕ್ಕಳ ದಂತಕ್ಷಯ

ಸಿಹಿ ತಿಂದರೆ ಹಲ್ಲು ಹುಳುಕಾಗುವುದೆಂಬುದು ಮನೆಮನೆಯ ಮಾತು. ಆದರೆ ಶಾಸ್ತ್ರದಲ್ಲಿ ಅದು ಸಿದ್ಧವಾದದ್ದು ಬಹು ತಡವಾಗಿ. ಬಾಯಿಯೊಳಗಣ ಸೂಕ್ಷ್ಮಜೀವಿಗಳು ಸಕ್ಕರೆ, ಪಿಷ್ಟಗಳಿಂದ ಆಮ್ಲವನ್ನು ಉತ್ಪತ್ತಿಮಾಡಿ ಹಲ್ಲನ್ನು ಕರಗಿಸುತ್ತವೆಂದು ಬರ್ಲಿನ್ನಿನಲ್ಲಿದ್ದ ಮಿಲ್ಲರ್ 1890ರಲ್ಲಿಯೇ ಪ್ರತಿಪಾದಿಸಿದ್ದನು. ಆದರೂ ಜೀವಸತ್ವಗಳ ಅಭಾವವೇ ಮೂಲಕಾರಣವೆಂದು ವಾದಿಸುವ ಪಂಡಿತರು ಆಮೇಲೂ ಅರ್ಧ ಶತಮಾನದವರೆಗೆ ಇದ್ದೇ ಇದ್ದರು.

ಈ ವಿವಾದ ಸ್ವೀಡನ್ನಿನಲ್ಲಿ ರಾಜ್ಯದ ಸಮಸ್ಯೆಯಾಯಿತು. 1938ರಲ್ಲಿ ಅಲ್ಲಿಯ ಸಂಸತ್ತು ಸಾರ್ವಜನಿಕ ದಂತಚಿಕಿತ್ಸಾ ವ್ಯವಸ್ಥೆಯನ್ನು ಅಂಗೀಕರಿಸಿತು. ಮಕ್ಕಳ ಹುಳುಕುಹಲ್ಲುಗಳನ್ನು ತುಂಬುತ್ತ ಹೋದರೆ ಆ ಕಾರ್ಯಕ್ಕೆ ಕೊನೆಯೇ ಇಲ್ಲ. ರೋಗದ ಕಾರಣವನ್ನೇ ನಿಶ್ಚಯಿಸಬೇಕಾಗಿತ್ತು. ಅದಕ್ಕಾಗಿ ಆರಿಸಿಕೊಂಡ ಸ್ಥಳ ಲುಂಡ್ ನಗರದ ಬಳಿಯ ವಿಪೆಹೋಲ್ಮ್ ಆಸ್ಪತ್ರೆ. ಅಲ್ಲಿದ್ದವರು ತೀವ್ರ ಬೌದ್ಧಿಕ ಅಸಾಮರ್ಥ್ಯವುಳ್ಳವರು. ಅವರ ಆಹಾರವೆಲ್ಲ ಆಸ್ಪತ್ರೆಯ ಹತೋಟಿಯಲ್ಲಿತ್ತು. ಸಂಶೋಧಕರಿಗೆ ಬೇಕಾದದ್ದೂ ಇದೇ.

1945ರಲ್ಲಿ ಆರಂಭವಾದ ಪ್ರಯೋಗ ಮೊದಲು ಜೀವಸತ್ವಗಳನ್ನು ಕುರಿತದ್ದು. 1947ರಿಂದ ಸಕ್ಕರೆಯ ಪರೀಕ್ಷೆ ನಡೆಯಿತು. ಕೆಲವರಿಗೆ ಊಟದೊಡನೆ ಸಕ್ಕರೆ ಬೆರೆತ ಪಾನೀಯ, ಕೆಲವರಿಗೆ ಸಿಹಿ ರೊಟ್ಟಿ, ಇನ್ನು ಕೆಲವರಿಗೆ ಊಟಗಳ ನಡುವೆ ಚಾಕೊಲೇಟು ಅಥವಾ ಹಲ್ಲಿಗೆ ಅಂಟುವ ಟಾಫಿ. ಒಂದು ಗುಂಪಿಗೆ ದಿನಕ್ಕೆ 24 ಟಾಫಿಗಳನ್ನು ಕೊಡಲಾಯಿತು. 1954ರಲ್ಲಿ ಪ್ರಕಟವಾದ ವರದಿಯ ಸಾರವಿಷ್ಟು: ಊಟದೊಡನೆ ಸೇವಿಸಿದ ಸಕ್ಕರೆಯಿಂದ ಹಾನಿ ಅಲ್ಪ, ನಡುನಡುವೆ ತಿಂದ ಅಂಟುಸಿಹಿಯಿಂದ ಅಪಾರ. ಸಕ್ಕರೆಯ ಮೊತ್ತಕ್ಕಿಂತ ಅದು ಹಲ್ಲಿನ ಮೇಲೆ ಎಷ್ಟು ಸಲ, ಎಷ್ಟು ಹೊತ್ತು ನಿಲ್ಲುವುದೆಂಬುದೇ ಮುಖ್ಯವೆಂದು ಇದರಿಂದ ತಿಳಿದುಬಂತು. ಟಾಫಿಯನ್ನು ನಿಲ್ಲಿಸಿದ ಮೇಲೆ ಹೊಸ ಹುಳುಕು ಕಡಮೆಯಾಯಿತಾದರೂ ಆಗಲೇ ಕೆಟ್ಟ ಹಲ್ಲುಗಳು ಕೆಟ್ಟಂತೆಯೇ ಉಳಿದವು.

ದಂತವೈದ್ಯಕ್ಕೆ ಈ ಫಲಿತಾಂಶ ಅಮೂಲ್ಯವಾದುದೆಂಬುದು ನಿರ್ವಿವಾದ. ಆದರೆ ಅದನ್ನು ಪಡೆದ ಬಗೆಯನ್ನು ಸಮರ್ಥಿಸಲು ಸಾಧ್ಯವಿಲ್ಲವೆಂದೇ ಈ ಲೇಖಕನ ಅಭಿಪ್ರಾಯ. ಪ್ರಯೋಗಕ್ಕೊಳಗಾದವರು ಸಮ್ಮತಿಸಲಿಲ್ಲ, ನಿರಾಕರಿಸುವ ಶಕ್ತಿಯೂ ಅವರಿಗಿರಲಿಲ್ಲ. ಮಾನವನ ಮೇಲೆ ನಡೆಸುವ ಪ್ರಯೋಗಕ್ಕೆ ಅವನ ಸ್ವಯಂಸಮ್ಮತಿ ಅತ್ಯಾವಶ್ಯಕವೆಂದು ನ್ಯೂರೆಂಬರ್ಗಿನ ನ್ಯಾಯಾಲಯ ಸಾರಿದ್ದು ಇದೇ 1947ರಲ್ಲಿ. ಸಿಹಿತಿಂಡಿ ತಯಾರಕರ ಧನಸಹಾಯವೂ ಈ ಪ್ರಯೋಗಕ್ಕಿತ್ತೆಂಬುದನ್ನು ಇಲ್ಲಿಯೇ ಹೇಳಿಬಿಡಬಹುದು.

1950ರ ದಶಕದ ಕೊನೆಯ ಹೊತ್ತಿಗೆ ಸ್ವೀಡನ್ನಿನ ವೈದ್ಯಕೀಯ ಮಂಡಲಿ ತಂದೆತಾಯಿಗಳಿಗೆ ಸಲಹೆಯೊಂದನ್ನು ನೀಡಿತು: ಮಕ್ಕಳಿಗೆ ಸಿಹಿಯನ್ನು ದಿನವೂ ಕೊಡದೆ ವಾರಕ್ಕೊಮ್ಮೆ ಮಾತ್ರ ಕೊಡಬೇಕು. ಅಲ್ಲಿಯ ಎಷ್ಟೋ ಮನೆಗಳ ಮಕ್ಕಳು ಇಂದಿಗೂ ತಮ್ಮ ಮಿಠಾಯಿಗಾಗಿ ಶನಿವಾರದವರೆಗೆ ಕಾಯುತ್ತಾರೆ.