ಹುತ್ತದ ಅಣಬೆ, ಕಲ್ಲಣಬೆ: ಶಿಲೀಂಧ್ರ ವರ್ಗೀಕರಣದ ಎರಡು ಪರಂಪರೆಗಳು

ಶಿಲೀಂಧ್ರಗಳು ಯಾವ ಕುಲಕ್ಕೆ ಸೇರಿದವು ಎಂಬ ಪ್ರಶ್ನೆ ವಿಜ್ಞಾನವನ್ನು ಬಹುಕಾಲ ಕಾಡಿತು. ಲಿನೇಯಸ್ 1753ರಲ್ಲಿ ಅವುಗಳನ್ನು ಹೂಬಿಡದ ಸಸ್ಯಗಳೊಡನೆ ಸೇರಿಸಿದನು. ಪರ್ಸೂನ್ 1801ರಲ್ಲಿಯೂ ಫ್ರೀಸ್ 1821ರಿಂದಲೂ ಪ್ರಕಟಿಸಿದ ಗ್ರಂಥಗಳು ಮುಖ್ಯವಾಗಿ ರೂಪವನ್ನು ಆಧರಿಸಿ ಅವುಗಳನ್ನು ವಿಂಗಡಿಸಿದವು. ಹರಿತ್ತಿಲ್ಲದ, ಆಹಾರವನ್ನು ಹೀರಿ ಬದುಕುವ ಈ ಜೀವಿಗಳಿಗೆ ವಿಟ್ಟೇಕರ್ 1969ರ ತನ್ನ ಐದು ಸಾಮ್ರಾಜ್ಯಗಳ ಪದ್ಧತಿಯಲ್ಲಿ ಪ್ರತ್ಯೇಕ ಸ್ಥಾನ ನೀಡಿದನು. ಅವು ಸಸ್ಯಗಳಿಗಿಂತ ಪ್ರಾಣಿಗಳಿಗೇ ಹತ್ತಿರವೆಂಬುದನ್ನು 1993ರ ಅಣುಜೈವಿಕ ಅಧ್ಯಯನಗಳು ತೋರಿಸಿದವು.

ಜನಪದರ ವರ್ಗೀಕರಣದ ಆಧಾರ ಬೇರೆ. ಅಲ್ಲಿ ರೂಪಕ್ಕಿಂತ ನೆಲೆ ಮುಖ್ಯ. ಕನ್ನಡದ 'ಹುತ್ತದ ಅಣಬೆ' ಎಂಬ ಹೆಸರನ್ನು ಪರಿಶೀಲಿಸಬಹುದು. ಕೆಲವು ಜಾತಿಯ ಗೆದ್ದಲುಗಳು ಗೂಡಿನೊಳಗೆ ಶಿಲೀಂಧ್ರವನ್ನು ಬೆಳೆಸುತ್ತವೆ; ಮಳೆ ಬಿದ್ದಾಗ ಅದರ ಕೊಡೆಗಳು ನೆಲದ ಮೇಲೆ ಏಳುತ್ತವೆ. ಫ್ರಾನ್ಸಿನ ರೋಜೆ ಹೈಮ್ 1942ರಲ್ಲಿ ಈ ಕುಲಕ್ಕೆ 'ಟರ್ಮಿಟೊಮೈಸಿಸ್', ಅಂದರೆ ಗೆದ್ದಲಿನ ಶಿಲೀಂಧ್ರ, ಎಂದು ಹೆಸರಿಟ್ಟನು. ಎರಡು ಹೆಸರುಗಳೂ ಗುರುತಿಸಿದ್ದು ಒಂದೇ ಸಂಬಂಧವನ್ನು.

ಕರಾವಳಿಯ 'ಕಲ್ಲಣಬೆ'ಯ ಕಥೆ ಇನ್ನೂ ಕುತೂಹಲಕರ. ಮೊದಲ ಮಳೆಗಳ ನಂತರ ಮುರಕಲ್ಲಿನ ನೆಲವನ್ನು ಕೆದಕಿ ತೆಗೆಯುವ ಈ ಉಂಡೆಗಳ ಒಳಭಾಗ ಬೆಳ್ಳಗಿದ್ದರೆ ಮಾತ್ರ ಅಡುಗೆಗೆ ಯೋಗ್ಯ. ಬಲಿತು ಕಪ್ಪಾದುದು ತ್ಯಾಜ್ಯ. ಬಲಿತಾಗ ಹೊರಸಿಪ್ಪೆ ನಕ್ಷತ್ರದಂತೆ ಬಿರಿಯುವ ಈ ಬಗೆಯ ಅಣಬೆಯನ್ನು ಪರ್ಸೂನ್ ಭೂತಾರೆಗಳ ಕುಲಕ್ಕೆ ಸೇರಿಸಿದ್ದನು. 1889ರಲ್ಲಿ ಮಾರ್ಗನ್ ಅದನ್ನು 'ಆಸ್ಟ್ರೇಯಸ್' ಎಂಬ ಬೇರೆ ಕುಲವಾಗಿಸಿದನು. ಇದರ ನಿಕಟ ಬಂಧುಗಳು ಭೂತಾರೆಗಳಲ್ಲ, ಬೊಲೀಟಸ್ ಗುಂಪಿನ ಅಣಬೆಗಳು ಎಂಬುದನ್ನು ವಂಶವಾಹಿ ಅಧ್ಯಯನಗಳು ದೃಢಪಡಿಸಿವೆ. ರೂಪಸಾಮ್ಯವು ವಿದ್ವಾಂಸರನ್ನು ದಾರಿ ತಪ್ಪಿಸಿತು. ನೆಲವನ್ನೇ ಹೆಸರಾಗಿಸಿಕೊಂಡ ಜನಪದರಿಗೆ ಆ ತೊಡಕು ಎದುರಾಗಲಿಲ್ಲ.

ಇದರಿಂದ ಜಾನಪದ ಜ್ಞಾನವು ವಿಜ್ಞಾನಕ್ಕೆ ಪರ್ಯಾಯವೆಂದು ಸಾಧಿಸಿದಂತಾಗುವುದಿಲ್ಲ. ಒಂದೇ ಜನಪದ ಹೆಸರಿನಡಿ ಹಲವು ಪ್ರಭೇದಗಳು ಅಡಗಿರಬಹುದು. ವಂಶಸಂಬಂಧ ಅದರ ಪ್ರಶ್ನೆಯೂ ಅಲ್ಲ. ಎಲ್ಲಿ, ಯಾವಾಗ ಏಳುತ್ತದೆ, ತಿನ್ನಬಹುದೇ ಎಂಬುದೇ ಅದರ ಪ್ರಶ್ನೆ. ವಿಷಕಾರಿ ಅಣಬೆಗಳೂ ಇರುವೆಡೆ ಅದು ಜೀವನ್ಮರಣದ ಪ್ರಶ್ನೆ. ಪರಿಚಿತ ನೆಲದಾಚೆಗೆ ಹೆಸರೊಂದೇ ರಕ್ಷಣೆಯಾಗಲಾರದು.

ಆದುದರಿಂದ ಪದಕೋಶಗಳಲ್ಲಿ 'ಒಂದು ಬಗೆಯ ಅಣಬೆ' ಎಂದಷ್ಟೇ ಅರ್ಥ ಬರೆದರೆ ಸಾಲದು. ಮಣ್ಣು, ಮಳೆ, ಸುತ್ತಲಿನ ಮರ, ಆಯುವ ಹದ ಇವೆಲ್ಲವೂ ದಾಖಲಾಗಬೇಕು. ಮುರಕಲ್ಲಿನ ಗುಡ್ಡ ಗಣಿಯಾದ ಊರಿನಲ್ಲಿ 'ಕಲ್ಲಣಬೆ' ಎಂಬ ಪದ ಉಳಿದರೂ ಅದರೊಳಗಿನ ಅರಿವು ಉಳಿಯುವುದಿಲ್ಲ.